ಉಪ್ಪಿನ ಸರೋವರದ ಊರಿನಲ್ಲೊಂದು ಬಾಣಂತನ

ಬಾಗಿಲ ಬೆಲ್ ಆದಾಗ ಪರದೆಯ ಸಂದಿಯಿಂದ ಇಣುಕಿ ನೋಡಿ, ಗುರುತಿನವರಲ್ಲದಿದ್ದರೆ ಮನೆಯಲ್ಲಿ ಯಾರೂ ಇಲ್ಲವೆಂಬಂತೆ ಉಸಿರು ಬಿಗಿಹಿಡಿದು ನಿಂತುಬಿಡುವ ಅಭ್ಯಾಸ ನಿಮಗುಂಟೇ? ತಿಪಟೂರಿನಲ್ಲಿದ್ದಾಗ ನನಗೆ ಇರಲಿಲ್ಲ. ಹಾಲಿನವನು, ಸೊಪ್ಪಿನವಳು, ಗಣಪತಿ ಚಂದಾ ಕೇಳಲು ಬಂದ ಹುಡುಗರು, ಎಲ್ಲರ ಜೊತೆಯೂ ಹೊಸ್ತಿಲಲ್ಲೇ ನಿಂತು ಅರ್ಧ ಗಂಟೆ ಮಾತಾಡುವವಳು ನಾನು. "ನಿನ್ನ ಬಾಯಿಗೆ ಬೀಗ ಹಾಕೋರು ಇನ್ನೂ ಹುಟ್ಟಿಲ್ಲ ಬಿಡು" ಎಂದು ನಮ್ಮವರು ಹಾಸ್ಯ ಮಾಡುತ್ತಿದ್ದರು. ಆ ಬೀಗ 2018ರ ಆಗಸ್ಟ್ ತಿಂಗಳಲ್ಲಿ ಅಮೆರಿಕದಲ್ಲಿ ಬಿತ್ತು ನೋಡಿ!

ಹೋದದ್ದು ಊರು ನೋಡಲಿಕ್ಕಲ್ಲ, ತಂಗಿಯ ಬಾಣಂತನಕ್ಕೆ. ನಮ್ಮ ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ತಂಗಿಯ ಅತ್ತೆಗೆ ಮಂಡಿನೋವು. ಚೊಚ್ಚಲ ಹೆರಿಗೆ, ದೂರದೇಶ. ಅಕ್ಕನಾದವಳು ಹೋಗದೆ ಇನ್ಯಾರು ಹೋಗಬೇಕು? ಒಂಬತ್ತನೇ ತರಗತಿಯಲ್ಲಿದ್ದ ಮಗನನ್ನು ಅತ್ತೆಯವರ ಕೈಗೊಪ್ಪಿಸಿ, ಕೊಬ್ಬರಿ, ಅಂಟು, ಉತ್ತುತ್ತಿ, ಮೆಣಸಿನಪುಡಿ, ಜೊತೆಗೆ ಎರಡು ಕೆ.ಜಿ. ಚಿಕೋರಿ ಬೆರೆಸಿದ ಕಾಫಿಪುಡಿ ಮತ್ತು ಹಿತ್ತಾಳೆ ಫಿಲ್ಟರು ಕಟ್ಟಿಕೊಂಡು ವಿಮಾನ ಹತ್ತಿದೆ. ಓದಿದ್ದು ಎಸ್‌.ಎಸ್‌.ಎಲ್‌.ಸಿ., ಅದೂ ಕನ್ನಡ ಮಾಧ್ಯಮ. ಇಂಗ್ಲಿಷಿನಲ್ಲಿ ಮೂವತ್ತೇಳು ಅಂಕ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ನಿಮಗೆ ಸುಲಭವಾಗಿ ಅರ್ಥವಾದೀತು.

ಊರು ಸಾಲ್ಟ್ ಲೇಕ್ ಸಿಟಿ, ಯೂಟಾ ರಾಜ್ಯದ ರಾಜಧಾನಿ. ಹೆಸರೇ ಹೇಳುವಂತೆ ಪಕ್ಕದಲ್ಲಿ ಉಪ್ಪಿನ ಸರೋವರ. ಪೂರ್ವಕ್ಕೆ ವಾಸಾಚ್ ಎಂಬ ಬೆಟ್ಟಗಳ ಸಾಲು, ಗೋಡೆ ಎಬ್ಬಿಸಿದ ಹಾಗೆ. ಊರಿನ ಹಳೆಯ ರಸ್ತೆಗಳ ಅಗಲ 132 ಅಡಿ! ಎತ್ತಿನ ಗಾಡಿಯನ್ನು ತಿರುಗಿಸಿಕೊಳ್ಳಲು ಜಾಗವಿರಲಿ ಎಂದು ಅಷ್ಟು ಅಗಲ ಬಿಟ್ಟರೆಂದು ಹೇಳುತ್ತಾರೆ. ನಮ್ಮ ಊರಿನ ಪೇಟೆಬೀದಿಯಲ್ಲಿ ಎರಡು ಆಟೋ ಎದುರಾದರೆ ಪಂಚಾಯಿತಿ ಸೇರಿಸಬೇಕು. ವಿಳಾಸಗಳಂತೂ ಬರಿ ಲೆಕ್ಕ. ಊರ ನಡುವಿನ ಮಂದಿರದ ಚೌಕವನ್ನು ಸೊನ್ನೆ ಎಂದಿಟ್ಟುಕೊಂಡು ಇಷ್ಟು ನೂರು ದಕ್ಷಿಣ, ಇಷ್ಟು ನೂರು ಪೂರ್ವ ಎಂದು ಎಣಿಸುವುದು. "ಕಳೆದುಹೋಗೋಕೆ ಸಾಧ್ಯಾನೇ ಇಲ್ಲ ಅಕ್ಕಾ" ಅಂದಳು ತಂಗಿ. ಕಳೆದುಹೋಗಬೇಕಾದರೆ ಮನೆಯಿಂದ ಹೊರಗೆ ಕಾಲಿಡಬೇಕಲ್ಲ!

ಹೋದ ನಾಲ್ಕನೇ ದಿನ ಬೆಲ್ ಆಯಿತು. ತಂಗಿ ಅಡುಗೆಮನೆಯಲ್ಲಿದ್ದಳು, ನಾನೇ ಬಾಗಿಲು ತೆಗೆದೆ. ಪಕ್ಕದ ಮನೆಯಾಕೆ. ಅರವತ್ತರ ಪ್ರಾಯ, ಬೆಳ್ಳಗಿನ ಕೂದಲು, ಕೈಯಲ್ಲಿ ಬಟ್ಟೆ ಮುಚ್ಚಿದ ಬ್ರೆಡ್ಡು. ಆ ಊರಲ್ಲಿ ಆಗಸ್ಟ್ ಬಂತೆಂದರೆ ಜುಕಿನಿ ಎಂಬ ಸೌತೆಯಂಥ ಕಾಯಿ ಹಿತ್ತಿಲ ತುಂಬ ಬಿಡುತ್ತದಂತೆ, ಅದನ್ನು ತುರಿದು ಹಾಕಿ ಮಾಡಿದ ಬ್ರೆಡ್ಡು. "ನಿಮ್ಮ ತಂಗಿ ಇದ್ದಾರಾ?" ಎಂದು ಕೇಳಿದರು. ನಾನು ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡು, ಧೈರ್ಯ ಮಾಡಿ, ಗಟ್ಟಿಯಾಗಿ ಹೇಳಿದೆ:

"ಮೈ ಸಿಸ್ಟರ್ ಈಸ್ ಇನ್ ದಿ ಚಿಕನ್!"

ಆಕೆ ಒಂದು ಕ್ಷಣ ಕಣ್ಣು ಮಿಟುಕಿಸಿ, ಮುಖದ ಒಂದು ನರವೂ ಅಲುಗದ ಹಾಗೆ, "ಓ, ಈಸ್ ಶೀ?" ಅಂದರು. ಒಳಗಿಂದ ಪಾತ್ರೆ ಬಿದ್ದ ಸದ್ದು. ತುಂಬು ಬಸುರಿ ತಂಗಿ ನಗಲಾರದೆ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಿದ್ದಳು. ನನಗೆ ಇನ್ನೂ ತಿಳಿದಿರಲಿಲ್ಲ. ಬಂದವರನ್ನು ಕೂರಿಸಿ, ಹದವಾಗಿ ಡಿಕಾಕ್ಷನ್ ಇಳಿಸಿ, ನೊರೆ ಬರಿಸಿ, ಲೋಟ-ಡಬರದಲ್ಲಿ ಕಾಫಿ ತಂದಿಟ್ಟೆ. ಅವರು ಎರಡೂ ಕೈ ಎದೆಗಿಟ್ಟುಕೊಂಡು "ಬೇಡ, ನಾನು ಕಾಫಿ ಕುಡಿಯೋದಿಲ್ಲ" ಅಂದರು. ಹಾಗಾದರೆ ಟೀ? ಅದೂ ಬೇಡ. ಮುಟ್ಟಲೂ ಇಲ್ಲ.

ನೀವೇ ಹೇಳಿ, ಮನೆಗೆ ಬಂದವರು ಕಾಫಿ ಬೇಡ ಎಂದರೆ ನಮಗೆ ಏನನ್ನಿಸುತ್ತದೆ? ನಮ್ಮ ಮನೆಯ ನೀರು ಇವರಿಗೆ ಆಗದು ಅಂತ ತಾನೆ! ಅವರು ಹೋದ ಮೇಲೆ ತಂಗಿ ಎರಡು ವಿಷಯ ಹೇಳಿದಳು. ಒಂದು, ನಾನು ಅವಳನ್ನು ಅಡುಗೆಮನೆಯಲ್ಲಲ್ಲ, ಕೋಳಿಯೊಳಗೆ ಕೂರಿಸಿದ್ದೆ. ಎರಡು, ಅವರು ಮಾರ್ಮನ್ ಪಂಥದವರು, ಅವರಲ್ಲಿ ಕಾಫಿ ಟೀ ಎರಡೂ ನಿಷಿದ್ಧ. ಮೊದಲನೆಯದಕ್ಕೆ ನಾಚಿಕೆಯಿಂದ ಸತ್ತೇಹೋದೆ. ಎರಡನೆಯದನ್ನು ನಂಬಲಿಲ್ಲ. ಕಾಫಿ ಬೇಡ ಅನ್ನುವ ಧರ್ಮವೂ ಲೋಕದಲ್ಲಿ ಇರುತ್ತದೆಯೇ? ಬ್ರೆಡ್ಡನ್ನು ನಾನು ತಿನ್ನಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೊಟ್ಟೆ ಹಾಕಿದ್ದರು. ತಂಗಿಯ ಗಂಡ ತಿಂದು ಮುಗಿಸಿದರು.

ಅಂದಿನಿಂದ ಶುರುವಾಯಿತು ಪರದೆಯ ಹಿಂದೆ ನಿಲ್ಲುವ ಅಭ್ಯಾಸ. ಪೋಸ್ಟಿನವನು ಬಂದರೂ ಅಷ್ಟೆ. ಹದಿನೈದು ದಿನ ಹೊರಗಿನವರ ಮುಂದೆ ಬಾಯಿ ಬಿಡಲಿಲ್ಲ. ಮಗ ವಿಡಿಯೋದಲ್ಲಿ ದಿನಾ ಕಾಣುತ್ತಿದ್ದ, ಆದರೂ ರಾತ್ರಿ ದಿಂಬು ಒದ್ದೆ. "ಡಿಸೆಂಬರ್ ತನಕ ಆಗಲ್ಲ ರೀ, ಮಗು ಹುಟ್ಟಿ ನಾಮಕರಣ ಆದ ಮಾರನೇ ದಿನವೇ ಹೊರಡೋ ಹಾಗೆ ಟಿಕೆಟ್ ಬದಲಾಯಿಸಿ" ಎಂದು ನಮ್ಮವರಿಗೆ ಫೋನ್ ಮಾಡಿದೆ. ಅವರು ಇನ್ನೊಂದು ಎಚ್ಚರಿಕೆ ಬೇರೆ ಕೊಟ್ಟರು: "ಆ ಊರಲ್ಲಿ ಮನೆಮನೆಗೆ ಬಂದು ಮತಕ್ಕೆ ಸೇರಿಸ್ತಾರಂತೆ ಕಣೇ, ಬಾಗಿಲು ತೆಗೀಬೇಡ." ನನಗೆ ಅಷ್ಟೇ ಬೇಕಾಗಿತ್ತು.

ಆದರೆ ಬಟ್ಟೆ ಒಣಗಿಸಲು ಹಿತ್ತಿಲಿಗೆ ಹೋಗಲೇಬೇಕಲ್ಲ? ಒಂದು ದಿನ ತಂಗಿ ಡಾಕ್ಟರ ಬಳಿ ಹೋಗಿದ್ದಾಗ ಬೇಲಿಯಾಚೆ ಆಕೆ ಟೊಮೆಟೊ ಕೀಳುತ್ತ ನಿಂತಿದ್ದರು. ಒದ್ದೆ ಸೀರೆ ಕೈಯಲ್ಲಿ ಹಿಡಿದು ಎಲ್ಲಿಗೆ ಓಡಲಿ? "ಸಾರಿ... ಚಿಕನ್, ನೋ... ಕಿಚನ್" ಎಂದು ತಡವರಿಸಿ ಕಣ್ಣಲ್ಲಿ ನೀರು ತಂದುಕೊಂಡೆ. ಅವರು ಬೇಲಿಯ ಚಿಕ್ಕ ಬಾಗಿಲು ದಾಟಿ ಬಂದು, ನಮ್ಮ ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ಕೂರುವಂತೆ ನೆಲ ತಟ್ಟಿದರು. ಆಮೇಲೆ ಒಂದೊಂದೇ ಮಾತು ಬಿಡಿಸಿ, ಕೈಸನ್ನೆ ಮಾಡಿ, ಒಂದು ಕತೆ ಹೇಳಿದರು. ಅರ್ಧ ಅಂದೇ ಅರ್ಥವಾಯಿತು. ಉಳಿದರ್ಧ ಸಂಜೆ ತಂಗಿ ಅವರಿಂದ ಕೇಳಿ ಕನ್ನಡದಲ್ಲಿ ಬಿಡಿಸಿದಳು. ನಾನು ಹೇಳಬೇಕೆಂದು ಕೂತದ್ದು ಈ ಕತೆಯನ್ನೇ.

ಅದಕ್ಕೆ ಮೊದಲು ಒಂದೆರಡು ಮಾತು. ಈ ಪಂಥ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬಾತನಿಂದ ಶುರುವಾದದ್ದು. ಹೋದಲ್ಲೆಲ್ಲ ಅಕ್ಕಪಕ್ಕದವರ ವಿರೋಧ. 1844ರಲ್ಲಿ ಆತನನ್ನು ಗುಂಪೊಂದು ಕೊಂದಿತು. ಆಮೇಲೆ ಬ್ರಿಗಂ ಯಂಗ್ ಎಂಬಾತನ ಹಿಂದೆ ಗಾಡಿ ಕಟ್ಟಿಕೊಂಡು ಹೊರಟವರು 1847ರ ಜುಲೈ 24ರಂದು ಈ ಉಪ್ಪಿನ ಕಣಿವೆಗೆ ಬಂದು ನೆಲೆಸಿದರು. ಇವರಲ್ಲಿ ಹರೆಯದ ಹುಡುಗ ಹುಡುಗಿಯರು ಓದು, ಕೆಲಸ ಬಿಟ್ಟು ಕೆಲಕಾಲ ದೂರದ ಊರಿಗೆ ಧರ್ಮಪ್ರಚಾರಕ್ಕೆ ಹೋಗುವ ಪದ್ಧತಿ. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಹದಿನೆಂಟು ತಿಂಗಳು. ಸಂಬಳವಿಲ್ಲ. ಖರ್ಚು ಅವರದು ಅಥವಾ ಮನೆಯವರದು. ಯಾವಾಗಲೂ ಇಬ್ಬಿಬ್ಬರು ಜೊತೆಯಾಗಿಯೇ ಇರಬೇಕು. ಯಾವ ಊರು ಎಂಬುದನ್ನು ತಾವು ಆರಿಸುವಂತಿಲ್ಲ, ಕಾಗದ ಬಂದ ಕಡೆ ಹೋಗಬೇಕು, ನಮ್ಮ ಮೇಷ್ಟರುಗಳ ವರ್ಗಾವಣೆ ಹಾಗೆ. ಬೆಂಗಳೂರಿನಲ್ಲಿಯೂ 1993ರಿಂದ ಇವರ ಮಿಷನ್ ಇದೆ ಎಂಬುದು ನನಗೆ ಅಲ್ಲಿಗೆ ಹೋದ ಮೇಲೆ ತಿಳಿದದ್ದು.

ನಮ್ಮ ನೆರೆಯಾಕೆಗೆ 1979ರಲ್ಲಿ ಇಪ್ಪತ್ತೊಂದು ತುಂಬಿದಾಗ ಬಂದ ಕಾಗದದಲ್ಲಿ ಜಪಾನಿನ ಸಪ್ಪೊರೊ ಎಂದಿತ್ತು. ಅದು ಆ ದೇಶದ ಉತ್ತರದ ತುದಿ, ಹೊಕ್ಕೈದೊ ದ್ವೀಪದಲ್ಲಿ. ಅದುವರೆಗೆ ಆಕೆ ಸಮುದ್ರವನ್ನೇ ನೋಡಿರಲಿಲ್ಲ. ಇಲ್ಲೇ ಮುಕ್ಕಾಲು ಗಂಟೆ ದೂರದ ಪ್ರೊವೊ ಎಂಬ ಊರಿನ ಶಾಲೆಯಲ್ಲಿ ಎರಡು ತಿಂಗಳು ಜಪಾನೀ ಭಾಷೆ ಬಾಯಿಪಾಠ ಮಾಡಿಸಿ ವಿಮಾನ ಹತ್ತಿಸಿದರು. ವಿಚಿತ್ರ ನೋಡಿ, ಸಪ್ಪೊರೊ ಊರಿನ ವಿಳಾಸಗಳೂ ಸಾಲ್ಟ್ ಲೇಕ್‌ನಂತೆಯೇ ಉತ್ತರ ಇಷ್ಟು, ಪಶ್ಚಿಮ ಇಷ್ಟು ಎಂದು ಚೌಕಾಬಾರದ ಮನೆಯ ಹಾಗೆ ಎಣಿಕೆ. "ದಾರಿ ಒಂದು ದಿನವೂ ತಪ್ಪಲಿಲ್ಲ, ತಪ್ಪಿದ್ದೆಲ್ಲ ಬಾಯಿ" ಅಂದರು ಆಕೆ.

ಜನವರಿ ತಿಂಗಳು, ಮೊಣಕಾಲು ಮುಚ್ಚುವ ಹಿಮ. ಬೆಳಗಿನಿಂದ ಬಾಗಿಲು ತಟ್ಟುವುದು, ಬಾಗಿಲು ತೆರೆಯುವುದು, ನಯವಾಗಿ ತಲೆಬಾಗಿಸಿ ಮುಚ್ಚುವುದು. ಬೈಗುಳವಿಲ್ಲ, ಆದರೆ ಒಳಗೆ ಕರೆಯುವವರೂ ಇಲ್ಲ. ಜೊತೆಯ ಹುಡುಗಿಯೂ ಅಮೆರಿಕದವಳೇ, ಬಂದು ನಾಲ್ಕು ತಿಂಗಳಾದವಳು, ಅವಳ ಭಾಷೆಯೂ ಅಷ್ಟಕ್ಕಷ್ಟೆ. ಆ ದಿನ ನಮ್ಮಾಕೆಯ ಕೋಟಿನ ಜೇಬಿನಲ್ಲಿ ಒಂದು ಕಾಗದವಿತ್ತಂತೆ. ಅಮ್ಮನಿಗೆ ಬರೆದದ್ದು: "ನನ್ನಿಂದ ಆಗದು, ಮನೆಗೆ ಬರುತ್ತೇನೆ." ಮಾರನೇ ದಿನ ಅಂಚೆಗೆ ಹಾಕಬೇಕೆಂದು ಅಂಟಿಸಿಯೇ ಇಟ್ಟಿದ್ದರು.

ಕತ್ತಲಾಗುವ ಹೊತ್ತಿಗೆ ಕೊನೆಯದೆಂದು ಇನ್ನೊಂದು ಬಾಗಿಲು ತಟ್ಟಿದರು. ತೆಗೆದವಳು ಎಳೆಯ ತಾಯಿ, ಬೆನ್ನಿಗೆ ಕಟ್ಟಿಕೊಂಡ ಕೂಸು, ಕೆಂಪು ಕೆನ್ನೆ. ಪ್ರೊವೊದಲ್ಲಿ ಕಲಿತ ವಾಕ್ಯ ನೆನಪಾಯಿತು. 'ಎಂಥ ಮುದ್ದಾದ ಮಗು' ಎನ್ನಬೇಕು. ಜಪಾನಿಯಲ್ಲಿ ಮುದ್ದು ಎಂದರೆ 'ಕವಾಯಿ'. ಚಳಿಗೆ ಮರಗಟ್ಟಿದ ಬಾಯಿಂದ ಬಂದದ್ದು 'ಕೊವಾಯಿ'. ಹಾಗೆಂದರೆ ಏನು ಗೊತ್ತೇ? ಭಯಂಕರ!

"ಎಂಥ ಭಯಂಕರ ಮಗು!" ಎಂದು ನಗುನಗುತ್ತ, ತಲೆಬಾಗಿಸಿ, ಅದೂ ಎರಡು ಸಲ ಹೇಳಿದರಂತೆ.

ತಾಯಿ ಬೊಂಬೆಯ ಹಾಗೆ ನಿಂತಳು. ಜೊತೆಯವಳಿಗೆ ತಪ್ಪು ತಿಳಿಯಿತು, ತಿದ್ದಲು ಶಬ್ದ ಸಿಗಲಿಲ್ಲ. ಅಷ್ಟರಲ್ಲಿ ಒಳಗಿಂದ ಕೊಕ್ಕೊಕ್ಕೊ ಎಂದು ನಗು. ಮಗುವಿನ ಮುತ್ತಜ್ಜಿ, ಬೆನ್ನು ಬಾಗಿದ ಮುದುಕಿ, ಗೋಡೆ ಹಿಡಿದುಕೊಂಡು ಬಂದು, "ರಾತ್ರಿಯೆಲ್ಲ ಅಳುತ್ತದಲ್ಲ, ಭಯಂಕರವೇ ಸರಿ, ಇವಳು ಒಬ್ಬಳೇ ನಿಜ ಹೇಳಿದ್ದು" ಎಂಬರ್ಥದ ಮಾತಾಡಿ, ಇಬ್ಬರನ್ನೂ ಬೂಟು ಬಿಚ್ಚಿಸಿ ಸೀಮೆಎಣ್ಣೆ ಒಲೆಯ ಮುಂದೆ ಕೂರಿಸಿದಳಂತೆ.

ಇಲ್ಲಿ ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ. ನಮ್ಮಲ್ಲಿ ಮಗುವನ್ನು ಮುದ್ದಾಗಿದೆ ಎಂದರೇ ತಪ್ಪು, ದೃಷ್ಟಿ ತಾಗುತ್ತದೆ. ಕೆನ್ನೆಗೆ ಕಪ್ಪು ಬೊಟ್ಟಿಟ್ಟು ಸೊಟ್ಟಮೂತಿ ಅನ್ನುತ್ತೇವೆ. ನೀವು ನಮ್ಮೂರಲ್ಲಿ ಹಾಗಂದಿದ್ದರೆ ಎಲೆ ಅಡಿಕೆ ಕೊಟ್ಟು ಕಳಿಸುತ್ತಿದ್ದೆವು ಎಂದೆ. ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ ಕಣ್ರೀ! ಹೇಗೆ ಹೇಳಿದೆನೋ ದೇವರಿಗೇ ಗೊತ್ತು. ಆಕೆಗೆ ಅರ್ಥವಾಯಿತು.

ಕತೆ ಮುಗಿದಿಲ್ಲ. ಮುತ್ತಜ್ಜಿ ಹಸಿರು ಟೀ ತಂದಿಟ್ಟಳು. ಇವರಿಗೆ ನಿಷಿದ್ಧ. ಚಳಿಯಲ್ಲಿ ನಡುಗುತ್ತ ಬಂದ ಹುಡುಗಿಯರು ಬಿಸಿ ಟೀ ಬೇಡ ಎಂದರೆ ಆ ಮುದುಕಿಗೆ ಹೇಗಾಗಿರಬೇಡ? "ನೀವು ಅಂದು ಕಾಫಿ ತಂದಾಗ ನನಗೆ ಆ ಅಜ್ಜಿಯ ಮುಖವೇ ಕಾಣಿಸಿತು" ಅಂದರು ಆಕೆ. ಅಜ್ಜಿ ಒಂದು ಕ್ಷಣ ಯೋಚಿಸಿ, ಟೀ ಎತ್ತಿಕೊಂಡು ಹೋಗಿ, ಕಂದುಬಣ್ಣದ ಇನ್ನೊಂದು ಕಷಾಯ ತಂದಳಂತೆ. ಬಾರ್ಲಿಯನ್ನು ಕರಿದಾಗುವಂತೆ ಹುರಿದು ಕುದಿಸಿದ ನೀರು. ಅವರ ಭಾಷೆಯಲ್ಲಿ 'ಮುಗಿಚಾ'. ಮುಗಿ ಎಂದರೆ ಬಾರ್ಲಿಯಂತೆ, ನಮಗೆ ಮುಗಿ ಎಂದರೆ ಕೈಮುಗಿ! ಬೇಸಿಗೆಯಲ್ಲಿ ತಣ್ಣಗೆ ಕುಡಿಯುವ ಪಾನೀಯ, ಅಂದು ಇವರಿಗಾಗಿ ಬಿಸಿಯಾಗಿ ಬಂತು. ಟೀ ಎಲೆಯ ಸೋಂಕಿಲ್ಲದ ಕಾರಣ ಇವರೂ ಕುಡಿಯಬಹುದು.

ಕುಡಿದ ಮೇಲೆ ಕರ್ತವ್ಯ ಮಾಡಬೇಕಲ್ಲ? ನಮ್ಮಾಕೆ ನೆಟ್ಟಗೆ ಕೂತು ಬಾಯಿಪಾಠ ಒಪ್ಪಿಸಿದರು. 'ಮನುಷ್ಯರೆಲ್ಲ ದೇವರ ಮಕ್ಕಳು' ಎನ್ನಬೇಕು. ಮನುಷ್ಯ ಎಂದರೆ 'ನಿಂಗೆನ್'. ಇವರು ಹೇಳಿದ್ದು 'ನಿಂಜಿನ್'. ನಿಂಜಿನ್ ಎಂದರೆ ಕ್ಯಾರೆಟ್.

"ಕ್ಯಾರೆಟ್‌ಗಳೆಲ್ಲ ದೇವರ ಮಕ್ಕಳು."

ಮುತ್ತಜ್ಜಿ ಏನೂ ಮಾತಾಡದೆ ಎದ್ದು, ಅಡುಗೆಮನೆಗೆ ಹೋಗಿ, ಮಣ್ಣು ಮೆತ್ತಿದ ಎರಡು ಕ್ಯಾರೆಟ್ ತಂದು ಮೇಜಿನ ಮೇಲೆ ಇವರಿಗೆದುರಾಗಿ ಒರಗಿಸಿಟ್ಟಳಂತೆ. "ಇವೂ ಕೇಳಲಿ" ಎಂದಳಂತೆ!

ಮೆಟ್ಟಿಲ ಮೇಲೆ ಕೂತು ನಾವಿಬ್ಬರೂ ನಕ್ಕ ನಗುವಿಗೆ ಆಚೆಮನೆಯ ನಾಯಿ ಬೊಗಳತೊಡಗಿತು. ನನ್ನ ಕೈಯಲ್ಲಿದ್ದ ಸೀರೆ ಹಿಂಡಿದ ಹಾಗೆಯೇ ಒಣಗಿಹೋಗಿತ್ತು.

ಆ ಕಾಗದ ಏನಾಯಿತು ಎಂದು ಕೇಳಿದೆ. ಅಂಚೆಗೆ ಹಾಕಲಿಲ್ಲವಂತೆ. ಒಳಗೆ ಹೋಗಿ ಒಂದು ಬೂಟಿನ ಡಬ್ಬಿ ತಂದು ತೋರಿಸಿದರು. ತಾಯಿಗೆ ವಾರಕ್ಕೊಂದರಂತೆ ಬರೆದ ಕಾಗದಗಳನ್ನೆಲ್ಲ ಆ ತಾಯಿ ಕಟ್ಟಿಟ್ಟಿದ್ದರು, ತೀರಿಕೊಂಡ ಮೇಲೆ ಮಗಳ ಕೈಗೆ ಬಂತು. ಎಲ್ಲಕ್ಕೂ ಜಪಾನಿನ ಅಂಚೆಚೀಟಿ, ಮುದ್ರೆ. ಒಂದಕ್ಕೆ ಮಾತ್ರ ಚೀಟಿ ಇದೆ, ಮುದ್ರೆ ಇಲ್ಲ. ಅದನ್ನು ಇವರೇ ಆಮೇಲೆ ಸೇರಿಸಿದ್ದು. ಇನ್ನೂ ಒಡೆದಿಲ್ಲ.

ನಾನು ಒಂದು ಪ್ರಶ್ನೆ ಕೇಳದೆ ಇರಲಾರದೆ ಕೇಳಿದೆ. ಅವರವರ ದೇವರು ಅವರವರಿಗೆ ಇರುವಾಗ ಇನ್ನೊಬ್ಬರ ಮನೆ ಬಾಗಿಲು ತಟ್ಟಿ ನಮ್ಮದನ್ನು ಹೇಳುವುದು ಸರಿಯೇ? ನನಗೆ ಅದು ಸರಿ ಎನ್ನಿಸುವುದಿಲ್ಲ, ಈಗಲೂ. ಆಕೆ ಮುನಿಸಿಕೊಳ್ಳಲಿಲ್ಲ. "ನನಗೆ ನಂಬಿಕೆಯಿತ್ತು, ಹೋದೆ. ಬಾಗಿಲು ಮುಚ್ಚುವುದು ಅವರ ಹಕ್ಕು" ಅಂದರು. ಆ ಅಜ್ಜಿಯ ಮನೆಯವರು ಕೊನೆಯವರೆಗೂ ಪಂಥಕ್ಕೆ ಸೇರಲಿಲ್ಲ. ಬೌದ್ಧರಾಗಿಯೇ ಉಳಿದರು. ಆದರೆ ವಾರಕ್ಕೊಮ್ಮೆ ಇವರನ್ನು ಕರೆದು ಭಾಷೆ ತಿದ್ದಿದರು. ಬೀಳ್ಕೊಡುವ ದಿನ ಅಜ್ಜಿ ಒಂದು ಚೀಲ ಕ್ಯಾರೆಟ್ ಕೊಟ್ಟು, "ನಿನ್ನ ಅಣ್ಣತಮ್ಮಂದಿರು" ಎಂದಳಂತೆ. "ನಿಮ್ಮ ಮನೆ ಬಾಗಿಲಿಗೆ ಅಂದು ನಾನು ಬಂದಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ನನ್ನನ್ನು ಕೇಳಿದರು. ಕಾಫಿ ಕೊಟ್ಟು ಕಳಿಸುತ್ತಿದ್ದೆ ಎಂದೆ!

ಪಂಥದ ಹೆಂಗಸರನ್ನು ಜಪಾನಿಯಲ್ಲಿ 'ಶಿಮಾಯ್' ಎನ್ನುವುದಂತೆ, ಸೋದರಿ ಎಂದರ್ಥ. ಅಂದಿನಿಂದ ನಾನು ಅವರನ್ನು ಶಿಮಾಯ್ ಎಂದೇ ಕರೆದೆ.

ಆಮೇಲೆ ಊರು ತೋರಿಸಿದವರು ಅವರೇ. ನಡುಚೌಕದ ಮಂದಿರ ಆರು ಗೋಪುರದ ಬಿಳಿಗಲ್ಲಿನ ಕಟ್ಟಡ. 1853ರಲ್ಲಿ ಪಾಯ ಹಾಕಿ 1893ರಲ್ಲಿ ಮುಗಿಸಿದರು, ನಲವತ್ತು ವರ್ಷ. ಇಪ್ಪತ್ತು ಮೈಲಿ ದೂರದ ಕಣಿವೆಯಿಂದ ಕಲ್ಲು, ರೈಲು ಬರುವ ತನಕ ಎತ್ತಿನ ಗಾಡಿಯಲ್ಲಿ. ಒಂದೊಂದು ಬಂಡೆಗೆ ಮೂರು ನಾಲ್ಕು ದಿನದ ಪ್ರಯಾಣ. ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ, ನಾನು ಸುತ್ತ ಪ್ರದಕ್ಷಿಣೆ ಹಾಕಿದೆ. ನಮ್ಮ ಅದೃಷ್ಟ, ಮಾರನೇ ವರ್ಷ ಡಿಸೆಂಬರ್ ಕೊನೆಯಲ್ಲಿ ಭೂಕಂಪಕ್ಕೆ ತಡೆಯುವಂತೆ ಗಟ್ಟಿಮಾಡಲು ಅದನ್ನು ಮುಚ್ಚಿದರು. 2020ರ ಮಾರ್ಚ್‌ನಲ್ಲಿ ನಿಜವಾಗಿಯೂ ಭೂಮಿ ನಡುಗಿ, ಶಿಖರದ ಮೇಲಿನ ಚಿನ್ನದ ಬಣ್ಣದ ದೇವದೂತನ ಕೈಯ ಕಹಳೆ ಉದುರಿಬಿತ್ತು. ತಂಗಿ ಫೋಟೋ ಕಳಿಸಿದ್ದಳು. ಪಕ್ಕದಲ್ಲಿ ಆಮೆಯ ಬೆನ್ನಿನಂಥ ಮಾಡಿನ ಸಭಾಭವನ, ಟ್ಯಾಬರ್ನೇಕಲ್ ಅಂತ. ಮರದ ಗೂಟ, ಹಸಿತೊಗಲಿನ ಪಟ್ಟಿಗಳಿಂದ ಬಿಗಿದ ಮಾಡು. ವೇದಿಕೆಯ ಮೇಲೆ ಗುಂಡುಸೂಜಿ ಬೀಳಿಸಿದರೆ ಕೊನೆಯ ಸಾಲಿನಲ್ಲಿ ಕೇಳುತ್ತದೆ. ನಮ್ಮ ವಿಜಾಪುರದ ಗೋಳಗುಮ್ಮಟದ ಪಿಸುಮಾತು ನೆನಪಾಯಿತು.

ಅಲ್ಲಿ ಸುತ್ತಿ ತೋರಿಸುವವರೆಲ್ಲ ಈಗಿನ ಕಾಲದ ಸೇವೆಯ ಹುಡುಗಿಯರು, ಇಬ್ಬಿಬ್ಬರು, ಎದೆಯ ಮೇಲೆ ಹೆಸರಿನ ಜೊತೆ ತಂತಮ್ಮ ದೇಶದ ಬಾವುಟ. ನಮಗೆ ಸಿಕ್ಕವಳು ಫಿಲಿಪ್ಪೀನ್ಸಿನವಳು, ನಮ್ಮ ಪಿಯುಸಿ ಮಕ್ಕಳ ಹಾಗಿದ್ದಳು. ಅಮ್ಮನ ಜೊತೆ ದಿನಾ ಮಾತಾಡುತ್ತೀಯಾ ಎಂದು ಕೇಳಿದೆ. ಇಲ್ಲವಂತೆ. ವಾರಕ್ಕೊಂದು ಇ-ಮೇಲ್, ಫೋನು ವರ್ಷಕ್ಕೆ ಎರಡೇ ಸಲ: ಕ್ರಿಸ್‌ಮಸ್ ಹಬ್ಬಕ್ಕೆ, ಮತ್ತೆ ತಾಯಂದಿರ ದಿನಕ್ಕೆ. ನನ್ನ ಕರುಳು ಚುರ್ ಎಂದಿತು. ಚೀಲದಲ್ಲಿದ್ದ ಕೋಡುಬಳೆಯ ಪೊಟ್ಟಣ ಪೂರ್ತಿ ಅವಳ ಕೈಗಿಟ್ಟೆ. (2019ರ ಫೆಬ್ರವರಿಯಲ್ಲಿ ಆ ನಿಯಮ ಸಡಿಲಿಸಿ ವಾರಕ್ಕೊಮ್ಮೆ ಫೋನು ಮಾಡಬಹುದೆಂದರಂತೆ. ಶಿಮಾಯ್ ಹೇಳಿ ಕಳಿಸಿದಾಗ ನನಗೆ ಆ ಹುಡುಗಿಯ ತಾಯಿಯೇ ನೆನಪಾದಳು.)

ಕಾಫಿಯ ನಿಯಮದ ಮಾತು ಹೇಳಬೇಕು. 1833ರಲ್ಲಿ ಬಂದ ಆದೇಶದಂತೆ ಹೆಂಡ, ಹೊಗೆಸೊಪ್ಪು, 'ಬಿಸಿ ಪಾನೀಯ' ಕೂಡದು. ಬಿಸಿ ಪಾನೀಯವೆಂದರೆ ಕಾಫಿ, ಟೀ ಎಂದು ಅರ್ಥ ಮಾಡಿಕೊಂಡಿದ್ದಾರೆ. ಆದರೆ ಬಿಸಿ ಚಾಕೊಲೇಟು ಕುಡಿಯಬಹುದು, ತಣ್ಣನೆಯ ಕೋಲಾ ಕುಡಿಯಬಹುದು! ಇದೆಂಥ ನ್ಯಾಯ ಎಂದು ನಗಲು ಹೊರಟವಳು ಬಾಯಿ ಮುಚ್ಚಿಕೊಂಡೆ. ಶನಿವಾರದ ಒಪ್ಪೊತ್ತಿನಲ್ಲಿ ಅನ್ನ ಕೂಡದು, ಅವಲಕ್ಕಿ ಆಗಬಹುದು ಎನ್ನುವವರು ನಾವು. ಅವಲಕ್ಕಿ ಏನು ಗೋಧಿಯದೇ?

ಶಿಮಾಯ್ ಬಂದಾಗ ಕೊಡಲೆಂದು ನಾನು ಮುಗಿಚಾ ಕಲಿತೆ. ನೀವೂ ಮಾಡಿ ನೋಡಿ. ಒಂದು ಬಟ್ಟಲು ಬಾರ್ಲಿಯನ್ನು ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಹುರಿಯಿರಿ. ಹುರಿಗಡಲೆಯ ಬಣ್ಣಕ್ಕೆ ನಿಲ್ಲಿಸಬೇಡಿ, ಕಾಫಿಬೀಜದ ಬಣ್ಣ ಬರಬೇಕು, ಆದರೆ ಸೀಯಬಾರದು. ಕೈ ಬಿಡದೆ ಹದಿನೈದು ನಿಮಿಷವಾದರೂ ಬೇಕು. ಎರಡು ದೊಡ್ಡ ಚಮಚ ಹುರಿದ ಬಾರ್ಲಿಗೆ ಒಂದು ಲೀಟರ್ ನೀರು, ಹತ್ತು ನಿಮಿಷ ಕುದಿಸಿ ಸೋಸಿ. ಜಪಾನಿನವರು ಹಾಗೆಯೇ ಕುಡಿಯುತ್ತಾರೆ. ನಾನು ಸುಮ್ಮನಿರಬೇಕಲ್ಲ? ಬಾರ್ಲಿಯನ್ನು ಪುಡಿ ಮಾಡಿ ನನ್ನ ಹಿತ್ತಾಳೆ ಫಿಲ್ಟರಿಗೆ ಹಾಕಿ, ಗಟ್ಟಿಹಾಲು, ಸಕ್ಕರೆ ಬೆರೆಸಿ, ನೊರೆ ಎಬ್ಬಿಸಿ ಲೋಟ-ಡಬರದಲ್ಲಿ ಕೊಟ್ಟೆ. ಶಿಮಾಯ್ ಎರಡು ಲೋಟ ಕುಡಿದರು. ಪ್ರತಿಯಾಗಿ ಅವರು ಮೊಟ್ಟೆಯ ಬದಲು ಬಾಳೆಹಣ್ಣು ಕಿವುಚಿ ಹಾಕಿ ಜುಕಿನಿ ಬ್ರೆಡ್ಡು ಮಾಡಿ ತಂದರು. ಸ್ವಲ್ಪ ಅಂಟಂಟಾಗಿತ್ತು. ಪೂರ್ತಿ ತಿಂದೆ.

ಸರೋವರವನ್ನೂ ನೋಡಿಬಂದೆವು. ದೂರದಿಂದ ಬೆಳ್ಳಿತಟ್ಟೆ, ಹತ್ತಿರ ಹೋದರೆ ಮೂಗು ಮುಚ್ಚಬೇಕು. ದಡದ ಉದ್ದಕ್ಕೂ ಸಣ್ಣ ನೊಣಗಳ ಕಪ್ಪು ಪಟ್ಟಿ, ಕಚ್ಚುವುದಿಲ್ಲ, ಅಷ್ಟೆ. ಸಮುದ್ರಕ್ಕಿಂತ ಎಷ್ಟೋ ಪಾಲು ಹೆಚ್ಚು ಉಪ್ಪು, ಈಜು ಬಾರದವರೂ ಬೆಂಡಿನಂತೆ ತೇಲುತ್ತಾರೆ. ನಾನು ಮೊಣಕಾಲ ತನಕ ಇಳಿದು ಮೇಲೆ ಬಂದೆ. ಒಣಗಿದ ಮೇಲೆ ಕಾಲಿಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಸೀರೆಯ ಅಂಚು ಗಂಜಿ ಹಾಕಿದಷ್ಟು ಗರಿಗರಿ. ಆ ನೀರೂ ವರ್ಷ ವರ್ಷಕ್ಕೆ ಇಳಿಯುತ್ತಿತ್ತು. 2022ರಲ್ಲಿ ಹಿಂದೆಂದೂ ಕಾಣದಷ್ಟು ತಗ್ಗಿತು ಎಂದು ಓದಿ ಬೇಸರವಾಯಿತು.

ಸೆಪ್ಟೆಂಬರ್ ಕೊನೆಗೆ ತಂಗಿಗೆ ಹೆಣ್ಣುಮಗು ಹುಟ್ಟಿತು. ಎಣ್ಣೆ ನೀರು, ಸಾಮ್ರಾಣಿ ಹೊಗೆ, ಅಂಟ್ಟುಂಡೆ ಎಲ್ಲ ನಡೆಯಿತು. ಸಾಮ್ರಾಣಿ ಹೊಗೆಗೆ ಮನೆಯ ಬೆಂಕಿಯ ಗಂಟೆ ಕೂಗಿ ಓಣಿಯೆಲ್ಲ ಹೊರಗೆ ಬಂದದ್ದು ಬೇರೆ ಕತೆ, ಇನ್ನೊಮ್ಮೆ ಬರೆದೇನು. ಬಾಗಿಲಿಗೆ ಬಂದವರಿಗೆಲ್ಲ ವಿವರ ಹೇಳಿ ಕಳಿಸಿದವಳು ನಾನೇ. ಟಿಕೆಟ್ ವಿಷಯ ನಮ್ಮವರು ಕೇಳಿದರು. "ಡಿಸೆಂಬರೇ ಇರಲಿ ಬಿಡಿ" ಅಂದೆ.

ತೊಟ್ಟಿಲಿಗೆ ಹಾಕುವ ದಿನ ತಂಗಿಯ ಗಂಡನ ಕಚೇರಿಯ ನಾಲ್ಕಾರು ಕನ್ನಡದ ಮನೆಯವರು, ಓಣಿಯವರು ಸೇರಿದ್ದರು. ಶಿಮಾಯ್ ನಾನು ಉಡಿಸಿದ ಹಸಿರು ರೇಷ್ಮೆ ಸೀರೆಯಲ್ಲಿ, ಹೆಜ್ಜೆಗೊಮ್ಮೆ ನೆರಿಗೆ ಹಿಡಿದುಕೊಂಡು ಬಂದರು. ಬಂದವರೆಲ್ಲ ಕ್ಯೂಟ್, ಸ್ವೀಟ್ ಅನ್ನುತ್ತಿದ್ದರೆ ನನಗೆ ಒಳಗೊಳಗೇ ದೃಷ್ಟಿಯ ಭಯ. ಶಿಮಾಯ್ ತೊಟ್ಟಿಲ ಮೇಲೆ ಬಗ್ಗಿ, ಮಗುವಿನ ಕೆನ್ನೆಯ ಕಪ್ಪು ಬೊಟ್ಟನ್ನು ಬೆರಳಿನಿಂದ ತೋರಿಸಿ, ನನ್ನ ಕಡೆ ನೋಡಿ, ನಿಧಾನವಾಗಿ, ತಪ್ಪಿಲ್ಲದೆ ಹೇಳಿದರು:

"ಕೊವಾಯಿ!"

ನೆರೆದವರು ಮುಖ ಮುಖ ನೋಡಿಕೊಂಡರು. ನಾನು ಬಿಸಿಬಿಸಿ ಬಾರ್ಲಿ ಲೋಟ ತರಲು ಏಳುತ್ತ, ಎಲ್ಲರಿಗೂ ಕೇಳುವ ಹಾಗೆ ಕರೆದೆ:

"ಶಿಮಾಯ್, ಕಮ್ ಟು ದಿ ಚಿಕನ್!"